ನಡುವೆ ಬಂದವನ ಲೆಕ್ಕ

ಬೇರೆಯವರು ಶುರು ಮಾಡಿ, ಅರ್ಧಂಬರ್ಧ ಮಾಡಿ ಬಿಟ್ಟುಹೋದ ಕೆಲಸ ನಮ್ಮ ಕೈಗೆ ಬಂದಾಗ ಅದು ಎಷ್ಟರಮಟ್ಟಿಗೆ ನಮ್ಮದು? ಅದು ಕೆಟ್ಟರೆ ತಪ್ಪು ಯಾರದು, ಉಳಿದರೆ ಹೆಸರು ಯಾರಿಗೆ? ನೀತಿಶಾಸ್ತ್ರದ ಪುಸ್ತಕಗಳಲ್ಲಿ ಬರುವ ಮನುಷ್ಯ ಸಾಮಾನ್ಯವಾಗಿ ಕವಲುದಾರಿಯಲ್ಲಿ ನಿಂತಿರುತ್ತಾನೆ. ಅವನ ಕೈ ಖಾಲಿ, ಮುಂದೆ ಎರಡು ದಾರಿ, ಯಾವುದನ್ನು ಆರಿಸಿಕೊಳ್ಳಬೇಕು ಎಂಬುದಷ್ಟೇ ಪ್ರಶ್ನೆ. ನಮ್ಮಲ್ಲಿ ಹೆಚ್ಚಿನವರು ಬದುಕುವುದು ಹಾಗಲ್ಲ. ಅಪ್ಪ ಮಾಡಿದ ಸಾಲ, ಹಿಂದಿನ ಅಧಿಕಾರಿ ಸಹಿ ಹಾಕದೆ ಬಿಟ್ಟ ಕಡತ, ಅಣ್ಣ ಅರ್ಧಕ್ಕೆ ನಿಲ್ಲಿಸಿದ ಮನೆ, ಇವುಗಳ ನಡುವೆಯೇ ನಾವು ಬಂದು ನಿಂತಿರುತ್ತೇವೆ. ಆಟ ಆಗಲೇ ಶುರುವಾಗಿರುತ್ತದೆ.

ಇಂಥ ಮನುಷ್ಯನಿಗಾಗಿಯೇ ಒಂದು ಹುದ್ದೆ ಮಾಡಿಟ್ಟಿರುವ ಆಟವೊಂದಿದೆ. ಅದು ಅಮೆರಿಕದ ಬೇಸ್‌ಬಾಲ್. ಕಲಬುರಗಿಯ ಎನ್.ವಿ. ಮೈದಾನದಲ್ಲಿ ಟೆನಿಸ್ ಬಾಲ್ ಕ್ರಿಕೆಟ್ ನೋಡುತ್ತ ಬೆಳೆದವರಿಗೆ ಈ ಆಟ ದೂರದ್ದು. ಆದರೆ ಅದರ ಒಂದು ನಿಯಮ ಗೊತ್ತಾದ ಮೇಲೆ ನನಗೆ ಬೇರೆ ಅನೇಕ ಸಂಗತಿಗಳು ಅದರ ಮೂಲಕವೇ ಕಾಣತೊಡಗಿದವು.

ಬೇಸ್‌ಬಾಲ್‌ನಲ್ಲಿ ಚೆಂಡು ಎಸೆಯುವವನು ಪಿಚರ್. ಒಂದು ತಂಡಕ್ಕೆ ಒಂಬತ್ತು ಇನಿಂಗ್ಸ್, ಪ್ರತಿ ಇನಿಂಗ್ಸ್‌ನಲ್ಲಿ ಮೂವರು ಔಟಾಗುವವರೆಗೆ ಆಟ. ಚೆಂಡು ಹೊಡೆದವನು ಓಡಿ ಒಂದು ಬೇಸ್ ತಲುಪಿ ಅಲ್ಲಿ ನಿಲ್ಲುತ್ತಾನೆ. ಮೂರೂ ಬೇಸ್‌ಗಳನ್ನು ದಾಟಿ ಮನೆಗೆ ಮರಳಿದರೆ ಒಂದು ರನ್. ಮೊದಲು ಎಸೆಯಲು ಬಂದವನು ದಣಿದಾಗ, ಅಥವಾ ಪೆಟ್ಟು ತಿನ್ನತೊಡಗಿದಾಗ, ತರಬೇತುದಾರ ನಡೆದುಬಂದು ಅವನ ಕೈಯಿಂದ ಚೆಂಡು ತೆಗೆದುಕೊಳ್ಳುತ್ತಾನೆ. ಹಾಗೆ ಹೊರಹೋದವನು ಆ ಪಂದ್ಯಕ್ಕೆ ಮತ್ತೆ ಬರುವಂತಿಲ್ಲ. ಅವನ ಜಾಗಕ್ಕೆ ಬರುವವನು ರಿಲೀಫ್ ಪಿಚರ್. ಅವನು ಬರುವ ಹೊತ್ತಿಗೆ ಎದುರಾಳಿ ತಂಡದ ಇಬ್ಬರೋ ಮೂವರೋ ಬೇಸ್‌ಗಳಲ್ಲಿ ನಿಂತಿರಬಹುದು. ಅವರನ್ನು ಅಲ್ಲಿಗೆ ತಲುಪಿಸಿದವನು ಇವನಲ್ಲ. ಹಿಂದಿನವನು ಬಿಟ್ಟುಹೋದ ಓಟಗಾರರು ಅವರು.

ಈಗ ನಿಯಮ. ಆ ಓಟಗಾರರು ಹೊಸ ಪಿಚರ್ ಎಸೆಯುತ್ತಿರುವಾಗ ಮನೆ ತಲುಪಿ ರನ್ ಗಳಿಸಿದರೂ ಆ ರನ್ ಬರೆಯುವುದು ಹಿಂದಿನವನ ಖಾತೆಗೆ. ಹೊಸಬನ ಖಾತೆಗೆ ಬರುವುದು ಅವನೇ ಬೇಸ್ ಮೇಲೆ ಬಿಟ್ಟವರು ತರುವ ರನ್ನು ಮಾತ್ರ. ಯಾರು ಸಾಲ ಮಾಡಿದರೋ ಅವರ ಹೆಸರಿಗೇ ಸಾಲ. ನಾನು ಕಂಡ ಲೆಕ್ಕದ ನಿಯಮಗಳಲ್ಲಿ ಇಷ್ಟು ನ್ಯಾಯವಾದದ್ದು ಕಡಿಮೆ.

ಈ ಕೆಲಸವನ್ನೇ ಮಾಡಿ ಬೇಸ್‌ಬಾಲ್‌ನ ಎತ್ತರಕ್ಕೆ ಏರಿದವನು ಮರಿಯಾನೊ ರಿವೆರಾ. ಪನಾಮಾ ದೇಶದ ಮೀನುಗಾರನ ಮಗ. 1995ರಿಂದ 2013ರವರೆಗೆ ನ್ಯೂಯಾರ್ಕ್ ಯಾಂಕೀಸ್ ತಂಡಕ್ಕೆ ಆಡಿದ. ಹೆಚ್ಚಾಗಿ ಬರುತ್ತಿದ್ದದ್ದು ಕೊನೆಯ ಇನಿಂಗ್ಸ್‌ಗೆ, ತಂಡ ಸ್ವಲ್ಪ ಮುಂದಿರುವಾಗ ಆ ಮುನ್ನಡೆಯನ್ನು ಉಳಿಸಲು. ಹೀಗೆ ಉಳಿಸಿಕೊಟ್ಟದ್ದಕ್ಕೆ ಆ ಆಟದಲ್ಲಿ 'ಸೇವ್' ಎಂಬ ಬೇರೆಯದೇ ಲೆಕ್ಕವಿದೆ. ಷಿಕಾಗೊದ ಕ್ರೀಡಾ ವರದಿಗಾರ ಜೆರೋಮ್ ಹೋಲ್ಟ್ಸ್‌ಮನ್ ಇದನ್ನು ರೂಪಿಸಿದ. 1969ರಲ್ಲಿ ಅದು ಅಧಿಕೃತವಾಯಿತು. ಅಲ್ಲಿಯವರೆಗೆ ಕೊನೆಗೆ ಬಂದು ಪಂದ್ಯ ಉಳಿಸಿದವನ ಕೆಲಸಕ್ಕೆ ಅಧಿಕೃತ ಹೆಸರೇ ಇರಲಿಲ್ಲ. ರಿವೆರಾನ ಹೆಸರಿನಲ್ಲಿ ಅಂಥ 652 ಸೇವ್‌ಗಳಿವೆ. 2019ರಲ್ಲಿ ಮತ ಹಾಕಿದ ಒಬ್ಬರೂ ಬಿಡದಂತೆ ಎಲ್ಲರೂ ಅವನನ್ನು ಹಾಲ್ ಆಫ್ ಫೇಮ್‌ಗೆ ಆರಿಸಿದರು. ಅದಕ್ಕೆ ಮೊದಲು ಯಾವ ಆಟಗಾರನಿಗೂ ಹಾಗೆ ಆಗಿರಲಿಲ್ಲ.

ಅದೇ ರಿವೆರಾ 2001ರ ನವೆಂಬರ್ 4ರ ರಾತ್ರಿ, ವರ್ಲ್ಡ್ ಸೀರೀಸ್‌ನ ಏಳನೆಯ ಹಾಗೂ ಕೊನೆಯ ಪಂದ್ಯದಲ್ಲಿ, 2-1ರ ಮುನ್ನಡೆಯನ್ನು ಒಂಬತ್ತನೆಯ ಇನಿಂಗ್ಸ್‌ನಲ್ಲಿ ಕಳೆದುಕೊಂಡ. ಅರಿಜೋನಾ ತಂಡ 3-2ರಿಂದ ಗೆದ್ದಿತು. ಉಳಿಸುವುದನ್ನೇ ಕಸುಬು ಮಾಡಿಕೊಂಡವನ ಕಷ್ಟ ಇದು. ಉಳಿಸಿದ ದಿನ ಜನ ಅದನ್ನು ಸಹಜವೆಂದು ಮರೆಯುತ್ತಾರೆ, ಉಳಿಸಲಾಗದ ದಿನವನ್ನು ಮರೆಯುವುದಿಲ್ಲ.

ನಮ್ಮ ಕ್ರಿಕೆಟ್‌ನಲ್ಲಿ ಈ ಹುದ್ದೆಗೆ ಹೆಸರಿಲ್ಲ, ಆದರೆ ಕೆಲಸವಿದೆ. ಕೊನೆಯ ಓವರುಗಳನ್ನು ಹಾಕುವವನು ಹೆಚ್ಚುಕಡಿಮೆ ಅದೇ ಸ್ಥಿತಿಯಲ್ಲಿರುತ್ತಾನೆ. ಅವನ ಎದುರಿಗಿರುವ ಬ್ಯಾಟ್ಸ್‌ಮನ್ ಕಣ್ಣು ಪಳಗಿಸಿಕೊಂಡಿರುವುದು ಇನ್ನೊಬ್ಬ ಬೌಲರ್‌ನ ಎಸೆತಗಳಲ್ಲಿ. ಕ್ರಿಕೆಟ್‌ನ ಸ್ಕೋರ್‌ಪುಸ್ತಕಕ್ಕೆ ಅದು ಗೊತ್ತಿಲ್ಲ. ಯಾರ ಎಸೆತಕ್ಕೆ ಬಾರಿಸಿದರೋ ರನ್ ಅವನದೇ. ಎರಡನೆಯ ಓವರ್‌ನಲ್ಲಿ ಹನ್ನೆರಡು ಕೊಟ್ಟವನಿಗೂ ಇಪ್ಪತ್ತನೆಯ ಓವರ್‌ನಲ್ಲಿ ಹನ್ನೆರಡು ಕೊಟ್ಟವನಿಗೂ ಅದು ಒಂದೇ ಅಂಕಿ ಬರೆಯುತ್ತದೆ.

ಕರ್ನಾಟಕದ ಇಬ್ಬರು ವೇಗದ ಬೌಲರ್‌ಗಳನ್ನು ಪಕ್ಕಪಕ್ಕ ನಿಲ್ಲಿಸಿ ನೋಡೋಣ. 2019ರ ನವೆಂಬರ್ 29ರಂದು ಸೂರತ್‌ನಲ್ಲಿ ಸೈಯದ್ ಮುಷ್ತಾಕ್ ಅಲಿ ಟ್ರೋಫಿಯ ಸೆಮಿಫೈನಲ್. ಎದುರಾಳಿ ಹರಿಯಾಣ. ಹತ್ತೊಂಬತ್ತು ಓವರ್ ಮುಗಿದಾಗ ಅವರ ಮೊತ್ತ 3 ವಿಕೆಟ್‌ಗೆ 192. ಚೆಂಡು ಅಭಿಮನ್ಯು ಮಿಥುನ್ ಕೈಗೆ ಬಂತು. ಅದಕ್ಕೆ ಮೊದಲು ಮೂರು ಓವರ್‌ಗಳಲ್ಲಿ ಅವರು ಕೊಟ್ಟಿದ್ದದ್ದು 37 ರನ್. ಆ ಕೊನೆಯ ಓವರ್‌ನ ಮೊದಲ ನಾಲ್ಕು ಎಸೆತಗಳಿಗೆ ನಾಲ್ಕು ವಿಕೆಟ್, ಆಮೇಲೆ ಒಂದು ವೈಡ್, ಒಂದು ರನ್, ಕೊನೆಯ ಎಸೆತಕ್ಕೆ ಮತ್ತೊಂದು ವಿಕೆಟ್. ಹರಿಯಾಣ 8ಕ್ಕೆ 194. ಮಿಥುನ್ 39ಕ್ಕೆ 5. ಆ ದಿನ ಅವರು ಇನ್ನೊಂದು ಓವರ್ ಹಾಕದೇ ಇದ್ದಿದ್ದರೆ ಪತ್ರಿಕೆಯಲ್ಲಿ ಬರುತ್ತಿದ್ದದ್ದು ದುಬಾರಿ ಬೌಲರ್ ಎಂಬ ಮಾತು.

ಇನ್ನೊಬ್ಬರು ದಾವಣಗೆರೆಯ ಆರ್. ವಿನಯ್ ಕುಮಾರ್. 2013ರ ನವೆಂಬರ್ 2, ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣ, ಆಸ್ಟ್ರೇಲಿಯಾ ವಿರುದ್ಧದ ಏಕದಿನ ಪಂದ್ಯ. ರೋಹಿತ್ ಶರ್ಮಾ 209 ಹೊಡೆದದ್ದು ಅವತ್ತೇ. ಎರಡೂ ತಂಡ ಸೇರಿ 709 ರನ್, 38 ಸಿಕ್ಸರ್. ಮೈದಾನ ಸಣ್ಣದು. ಎರಡು ಹೊಸ ಚೆಂಡು, ಉಳಿದ ಓವರುಗಳಲ್ಲೂ ವೃತ್ತದ ಹೊರಗೆ ನಾಲ್ಕೇ ಜನ ಎಂಬ ನಿಯಮಗಳು ಅದಕ್ಕೆ ಒಂದೆರಡು ವರ್ಷಗಳ ಹಿಂದಷ್ಟೇ ಬಂದಿದ್ದವು. ವಿನಯ್ 9 ಓವರ್‌ಗಳಲ್ಲಿ 102 ರನ್ ಕೊಟ್ಟರು, ಒಂದು ವಿಕೆಟ್ ಪಡೆದರು. ಭಾರತ 57 ರನ್‌ಗಳಿಂದ ಗೆದ್ದಿತು, ಸರಣಿಯನ್ನೂ ಗೆದ್ದಿತು. ಗೆದ್ದ ತಂಡದಲ್ಲಿದ್ದ ವಿನಯ್ ಮತ್ತೆ ಭಾರತಕ್ಕೆ ಆಡಲಿಲ್ಲ.

ಅವರ ಬದುಕು ಅಲ್ಲಿಗೆ ಮುಗಿಯಲಿಲ್ಲ ಎಂಬುದು ಮುಖ್ಯ. ಅದೇ ಋತುವಿನಲ್ಲಿ ಅವರ ನಾಯಕತ್ವದಲ್ಲಿ ಕರ್ನಾಟಕ ಹದಿನೈದು ವರ್ಷಗಳ ಮೇಲೆ ರಣಜಿ ಟ್ರೋಫಿ ಗೆದ್ದಿತು, ಮರುವರ್ಷ ಮತ್ತೊಮ್ಮೆ. 2021ರಲ್ಲಿ ನಿವೃತ್ತರಾದಾಗ ಪ್ರಥಮ ದರ್ಜೆಯಲ್ಲಿ ಅವರ ಹೆಸರಿಗೆ 504 ವಿಕೆಟ್‌ಗಳಿದ್ದವು. ಆದರೂ ಯಾವುದಾದರೂ ಚಹಾದಂಗಡಿಯಲ್ಲಿ ವಿನಯ್ ಕುಮಾರ್ ಹೆಸರೆತ್ತಿ ನೋಡಿ. 504ಕ್ಕಿಂತ ಮೊದಲು ಬರುವುದು 102.

ತತ್ತ್ವಶಾಸ್ತ್ರದಲ್ಲಿ ಇದಕ್ಕೆ 'ನೈತಿಕ ಅದೃಷ್ಟ' ಎನ್ನುತ್ತಾರೆ. 1976ರಲ್ಲಿ ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನೇಗೆಲ್ ಎಂಬ ಇಬ್ಬರು ಚಿಂತಕರು ಈ ಹೆಸರಿನಡಿ ಜೊತೆಜೊತೆಯಾಗಿ ಪ್ರಬಂಧ ಬರೆದರು. ನಮ್ಮ ಹಿಡಿತದಲ್ಲಿ ಇಲ್ಲದ್ದಕ್ಕೆ ನಮ್ಮನ್ನು ಹೊಗಳುವುದೂ ತೆಗಳುವುದೂ ತರವಲ್ಲ ಎಂದು ಎಲ್ಲರೂ ಒಪ್ಪುತ್ತೇವೆ. ಆದರೆ ದಿನನಿತ್ಯ ಮಾಡುವುದು ಅದನ್ನೇ. ಬ್ರೇಕ್ ಪರೀಕ್ಷಿಸದ ಇಬ್ಬರು ಚಾಲಕರಲ್ಲಿ ಒಬ್ಬನ ದಾರಿಗೆ ಮಗು ಅಡ್ಡ ಬಂತು, ಇನ್ನೊಬ್ಬನ ದಾರಿಗೆ ಬರಲಿಲ್ಲ. ನಿರ್ಲಕ್ಷ್ಯ ಒಂದೇ, ಆದರೆ ಒಬ್ಬ ಅಪರಾಧಿ, ಇನ್ನೊಬ್ಬ ಊಟ ಮಾಡಿ ಮಲಗುತ್ತಾನೆ. ನೇಗೆಲ್ ಇದರಲ್ಲಿ ಬಗೆಗಳನ್ನು ಗುರುತಿಸುತ್ತಾರೆ. ನಮ್ಮ ಕೆಲಸದ ಫಲ ಹೇಗಾಯಿತು ಎಂಬುದರಲ್ಲಿ ಅದೃಷ್ಟವಿದೆ. ಯಾವ ಸಂದರ್ಭಕ್ಕೆ ನಾವು ಸಿಕ್ಕಿಕೊಂಡೆವು ಎಂಬುದರಲ್ಲೂ ಇದೆ. ಫಲದ ಮಾತು ನಮ್ಮಲ್ಲಿ ಗೀತೆಯ ಕಾಲದಿಂದ ಇದೆ. ಎರಡನೆಯದರ ಬಗ್ಗೆ ನಾವು ಮಾತಾಡುವುದು ಕಡಿಮೆ. ನಡುವೆ ಬಂದವನ ಕಷ್ಟ ಈ ಎರಡನೆಯ ಬಗೆಯದು.

ಹಾಗಾದರೆ ಬೇಸ್‌ಬಾಲ್‌ನ ನಿಯಮ ಎಲ್ಲ ಕಡೆಗೂ ಬಂದುಬಿಟ್ಟರೆ ಸಮಸ್ಯೆ ಮುಗಿಯಿತೆ? ಹಿಂದಿನವರದು ಹಿಂದಿನವರಿಗೆ, ನಮ್ಮದು ನಮಗೆ?

ಇಲ್ಲ. ಆ ನಿಯಮದಲ್ಲಿ ಒಂದು ತೂತಿದೆ. ಹಿಂದಿನವನು ಬಿಟ್ಟುಹೋದ ಮೂವರೂ ಮನೆ ತಲುಪಿದರೂ ನನ್ನ ಖಾತೆ ಸ್ವಚ್ಛವಾಗಿರುತ್ತದೆ ಎಂದಾದರೆ, ಅವರನ್ನು ತಡೆಯಲು ನಾನು ಜೀವ ಯಾಕೆ ತೇಯಬೇಕು? ತಂಡ ಸೋಲಬಹುದು, ನನ್ನ ಸರಾಸರಿ ಕೆಡುವುದಿಲ್ಲ. ಆ ಆಟವನ್ನು ಬಲ್ಲವರು ಇದನ್ನು ಕಂಡುಕೊಂಡು, ಬಿಟ್ಟುಹೋದ ಓಟಗಾರರಲ್ಲಿ ಎಷ್ಟು ಮಂದಿಯನ್ನು ರಿಲೀಫ್ ಪಿಚರ್ ಮನೆ ತಲುಪಲು ಬಿಟ್ಟ ಎಂಬ ಇನ್ನೊಂದು ಲೆಕ್ಕವನ್ನೂ ಇಡತೊಡಗಿದರು. ಅದರ ಅರ್ಥವಿಷ್ಟು: ತಪ್ಪು ಯಾರದು ಎಂಬ ಲೆಕ್ಕ ಒಂದು, ಈಗ ತಡೆಯಬೇಕಾದವರು ಯಾರು ಎಂಬ ಲೆಕ್ಕ ಇನ್ನೊಂದು.

ಅಮೆರಿಕದ ಚಿಂತಕಿ ಐರಿಸ್ ಮರಿಯನ್ ಯಂಗ್ ತಮ್ಮ ಕೊನೆಯ ವರ್ಷಗಳಲ್ಲಿ ಈ ವ್ಯತ್ಯಾಸವನ್ನೇ ಬಿಡಿಸಿ ಬಿಡಿಸಿ ಬರೆದರು. ಅವರು ತೀರಿಕೊಂಡ ಮೇಲೆ 2011ರಲ್ಲಿ ಪುಸ್ತಕವಾಗಿ ಬಂತು. ತಪ್ಪು ಹಿಂದಕ್ಕೆ ನೋಡುತ್ತದೆ, ಹೊಣೆ ಮುಂದಕ್ಕೆ ನೋಡುತ್ತದೆ. ಒಂದು ಅನ್ಯಾಯವನ್ನು ನಾನು ಮಾಡಿಲ್ಲದಿರಬಹುದು. ಆದರೆ ಅದು ಮುಂದುವರಿಯುತ್ತಿರುವ ವ್ಯವಸ್ಥೆಯೊಳಗೆ ನಾನಿದ್ದರೆ, ಅದನ್ನು ಬದಲಿಸುವ ಹೊಣೆಯಲ್ಲಿ ನನಗೂ ಪಾಲಿದೆ. ತಪ್ಪಿತಸ್ಥರನ್ನು ಬಿಟ್ಟುಬಿಡಿ ಎಂದಲ್ಲ ಅವರ ಮಾತಿನ ಅರ್ಥ. ತಪ್ಪಿತಸ್ಥರು ಸಿಕ್ಕಮೇಲೂ ಕೆಲಸ ಉಳಿದೇ ಇರುತ್ತದೆ ಎಂದು.

ಈ ಮಾತು ನನಗೆ ಪುಸ್ತಕದಲ್ಲಿ ತಿಳಿದದ್ದಕ್ಕಿಂತ ಹೆಚ್ಚು ಕಮಲಾಪುರದ ಕಡೆಯ ಒಂದು ಪದವಿ ಕಾಲೇಜಿನ ಸುದ್ದಿಯಿಂದ ತಿಳಿಯಿತು. ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದರೆ ಸಿಗುವ ಊರು ಕಮಲಾಪುರ. ಕೆಂಪು ಬಾಳೆಹಣ್ಣಿಗೆ ಹೆಸರಾದದ್ದು. ಆ ಹಣ್ಣಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ. ನನ್ನ ಜೊತೆ ಎಂ.ಎ. ಓದಿದ ಗೆಳೆಯನೊಬ್ಬ ಅಲ್ಲಿಗೆ ದಿನಾ ಬಸ್ಸಿನಲ್ಲಿ ಹೋಗಿಬರುತ್ತಾನೆ. ಅವನು ಅತಿಥಿ ಉಪನ್ಯಾಸಕ. ನಮ್ಮ ಸರ್ಕಾರಿ ಪದವಿ ಕಾಲೇಜುಗಳು ನಡೆಯುತ್ತಿರುವುದೇ ಇಂಥ ಸಾವಿರಾರು ಜನರಿಂದ. ಗೌರವಧನ, ವರ್ಷಕ್ಕೊಮ್ಮೆ ಹೊಸ ಪಟ್ಟಿ, ಕಾಯಂ ಆಗುವ ಭರವಸೆಯಿಲ್ಲ. ಅತಿಥಿ ಎಂಬ ಪದವನ್ನು ಇಷ್ಟು ಕಟುವಾಗಿ ಬಳಸಿದ್ದು ಬೇರೆಲ್ಲೂ ಇರಲಿಕ್ಕಿಲ್ಲ.

ಅವನು ಒಂದು ಸೆಮಿಸ್ಟರ್‌ನ ನಡುವೆ ಆ ತರಗತಿಗೆ ಹೋದ. ಹಿಂದಿದ್ದವರು ಬೇರೆ ಕೆಲಸ ಸಿಕ್ಕಿ ಬಿಟ್ಟುಹೋಗಿದ್ದರು. ಮೊದಲ ದಿನ ಹಾಜರಿ ಮುಗಿಯುತ್ತಲೇ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ಕೇಳಿದಳಂತೆ: "ಸರ್, ಆಗಿನ ಸರ್ ಎರಡನೇ ಯುನಿಟ್ ಅರ್ಧಕ್ಕ ಬಿಟ್ಟಾರ್ರಿ. ಅದು ಹೇಳ್ತೀರೋ, ಮುಂದಿಂದು ಹೇಳ್ತೀರೋ?"

ರಿಲೀಫ್ ಪಿಚರ್‌ನ ಮುಂದಿರುವ ಪ್ರಶ್ನೆಯನ್ನು ಇದಕ್ಕಿಂತ ಸರಳವಾಗಿ ಕೇಳಲು ಬರುವುದಿಲ್ಲ. ಮುಂದಿನದನ್ನು ಹೇಳಿದರೆ ಅವನ ಪಾಲಿನ ಪಾಠ ಹೊತ್ತಿಗೆ ಸರಿಯಾಗಿ ಮುಗಿಯುತ್ತದೆ. ಕಡತದಲ್ಲಿ ಅವನ ಪುಟ ಚೊಕ್ಕಟ. ಬಿಟ್ಟ ಅರ್ಧ ಯುನಿಟ್‌ನಿಂದ ಪ್ರಶ್ನೆ ಬಂದು ಹುಡುಗರು ಬರೆಯದೇ ಹೋದರೆ ಅದು ಹಿಂದಿನವರ ಲೆಕ್ಕ. ಬಿಟ್ಟದ್ದನ್ನು ಹೇಳಲು ಕೂತರೆ ಅದಕ್ಕೆ ಬೇಕಾದ ಗಂಟೆಗಳು ವೇಳಾಪಟ್ಟಿಯಲ್ಲಿಲ್ಲ, ಗೌರವಧನದಲ್ಲೂ ಇಲ್ಲ.

ಅವನು ಬಿಟ್ಟದ್ದನ್ನೇ ಹೇಳಿದ. ಊಟದ ಬಿಡುವಿನಲ್ಲಿ, ಬಸ್ಸು ತಡವಾದ ಸಂಜೆಗಳಲ್ಲಿ. ಫಲಿತಾಂಶ ಬಂದಾಗ ಆ ವಿಷಯದಲ್ಲಿ ಹಲವರು ಅನುತ್ತೀರ್ಣರಾದರು. ಪಟ್ಟಿಯಲ್ಲಿ ಇದ್ದದ್ದು ಅವನೊಬ್ಬನ ಹೆಸರು. "ಅವರು ಬಿಟ್ಟದ್ದೂ ನನ್ನ ಲೆಕ್ಕಕ್ಕ ಹಾಕ್ತಾರ ನೋಡಪಾ" ಎಂದು ಹೇಳಿದವನು ಒಂದು ಗಳಿಗೆ ಸುಮ್ಮನಿದ್ದು, "ಆದ್ರ ಆ ಹುಡುಗಿ ಪಾಸಾದ್ಲು" ಎಂದ.

ಇಲ್ಲಿ ಒಂದು ಆಕ್ಷೇಪಣೆ ಏಳುತ್ತದೆ, ಅದನ್ನು ತಳ್ಳಿಹಾಕುವ ಹಾಗಿಲ್ಲ. ಹೊಣೆ, ಹೊಣೆ ಎಂದು ನಾವು ಹಾಡಿ ಹೊಗಳುವುದು ಕಡಿಮೆ ಸಂಬಳದವರಿಂದ ಹೆಚ್ಚು ದುಡಿಸಿಕೊಳ್ಳುವ ಉಪಾಯವಲ್ಲವೆ? ಹುದ್ದೆ ತುಂಬದವರು ಆರಾಮವಾಗಿರುತ್ತಾರೆ, ಅತಿಥಿಯ ಆತ್ಮಸಾಕ್ಷಿ ಮಾತ್ರ ರಾತ್ರಿ ಹಗಲು ದುಡಿಯುತ್ತದೆ. ಒಳ್ಳೆಯವರ ಒಳ್ಳೆಯತನದ ಮೇಲೆ ನಡೆಯುವ ಸಂಸ್ಥೆಗೆ ತನ್ನನ್ನು ತಿದ್ದಿಕೊಳ್ಳುವ ಅಗತ್ಯವೇ ಬೀಳುವುದಿಲ್ಲ.

ಆಕ್ಷೇಪಣೆ ನಿಜ. ಅದಕ್ಕೇ ಎರಡೂ ಲೆಕ್ಕ ಬೇಕು ಎನ್ನುವುದು. ಬೇಸ್‌ಬಾಲ್ ತಂಡ ರಿಲೀಫ್ ಪಿಚರ್‌ಗಳನ್ನು ದಿಢೀರನೆ ಹುಡುಕುವುದಿಲ್ಲ. ಮೈದಾನದ ಅಂಚಿನಲ್ಲಿ ಅವರಿಗೆಂದೇ ಜಾಗವಿದೆ, ಅಲ್ಲಿ ಅವರು ಮೈ ಬಿಸಿ ಮಾಡಿಕೊಳ್ಳುತ್ತಾರೆ. ಒಳಗೆ ಬಂದ ಮೇಲೂ ಆಟ ಶುರುವಾಗುವ ಮುಂಚೆ ಅಭ್ಯಾಸಕ್ಕೆ ಕೆಲವು ಎಸೆತ ಕೊಡುತ್ತಾರೆ. ಅವರ ಕೆಲಸಕ್ಕೆ ಹೆಸರಿದೆ, ಅಳತೆಯಿದೆ, ಸಂಬಳವಿದೆ, ಹಿಂದಿನವನ ಸಾಲ ತಮ್ಮ ತಲೆಗೆ ಬರುವುದಿಲ್ಲ ಎಂಬ ಭದ್ರತೆಯಿದೆ. ಇಷ್ಟೆಲ್ಲ ಕೊಟ್ಟ ಮೇಲೆ ಅವರಿಂದ ಹೊಣೆ ಕೇಳುತ್ತಾರೆ. ನಾವು ಮೊದಲಿನದ್ಯಾವುದನ್ನೂ ಕೊಡದೆ ಕೊನೆಯದನ್ನು ಮಾತ್ರ ಕೇಳುತ್ತೇವೆ. ತಪ್ಪಿನ ಲೆಕ್ಕವನ್ನು ಸರಿಯಾಗಿ ಇಡದವರಿಗೆ ಹೊಣೆಯ ಉಪದೇಶ ಮಾಡುವ ಅಧಿಕಾರವಿಲ್ಲ.

ಹಾಗಂತ ಆ ಹುಡುಗಿಯ ಪ್ರಶ್ನೆ ಕಾಯುವುದಿಲ್ಲ. ಹುದ್ದೆ ತುಂಬುವ ಆದೇಶ ಬರುವ ಹೊತ್ತಿಗೆ ಅವಳ ಪದವಿ ಮುಗಿದಿರುತ್ತದೆ. ಗೆಳೆಯ ಎರಡೂ ಮಾಡಿದ: ಯುನಿಟ್ ಮುಗಿಸಿದ, ಅತಿಥಿ ಉಪನ್ಯಾಸಕರ ಧರಣಿಗೂ ಹೋಗಿ ಕೂತ. ಒಂದು ಇನ್ನೊಂದನ್ನು ರದ್ದು ಮಾಡುವುದಿಲ್ಲ ಎಂಬುದು ಅವನಿಗೆ ಯಾವ ಪುಸ್ತಕದ ಸಹಾಯವೂ ಇಲ್ಲದೆ ಗೊತ್ತಿತ್ತು.

ಇದೇ ಕಣ್ಣಿನಿಂದ ನಮ್ಮ ಇಡೀ ಸೀಮೆಯನ್ನು ನೋಡಬಹುದು. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ 39 ಅತಿ ಹಿಂದುಳಿದ ತಾಲ್ಲೂಕುಗಳನ್ನು ಪಟ್ಟಿ ಮಾಡಿತು. ಅವುಗಳಲ್ಲಿ 21 ಗುಲಬರ್ಗಾ ವಿಭಾಗದವು. ಹತ್ತು ವರ್ಷದ ಮೇಲೆ ಸಂವಿಧಾನಕ್ಕೆ 371 (ಜೆ) ವಿಧಿ ಸೇರಿತು. ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕವಾಯಿತು. 2025ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಕಲಬುರಗಿ ಜಿಲ್ಲೆಗೆ ಕೊನೆಯ ಸ್ಥಾನ. ಆ ದಿನ ಇಲ್ಲಿನ ಒಂದೊಂದು ಶಾಲೆಯ ಮಾಸ್ತರರ ಮೇಲೂ ಬಂದ ಮಾತುಗಳನ್ನು ಕೇಳಿದರೆ, ಅವರು ಖಾಲಿ ಮೈದಾನದಲ್ಲಿ ಆಟ ಶುರು ಮಾಡಿದ್ದರು ಎನ್ನಬೇಕು. ನಿಜಾಮನ ಕಾಲದಿಂದ ಬೇಸ್‌ಗಳಲ್ಲಿ ನಿಂತಿರುವ ಓಟಗಾರರನ್ನು ಯಾರೂ ಎಣಿಸುವುದಿಲ್ಲ. ಇನ್ನೊಂದು ಕಡೆ, ಆ ಓಟಗಾರರನ್ನು ತೋರಿಸಿಯೇ ಹೊತ್ತು ಕಳೆಯುವ ಭಾಷಣಗಳೂ ನಮ್ಮಲ್ಲಿ ಬೇಕಾದಷ್ಟಿವೆ. 1948ರ ಸೆಪ್ಟೆಂಬರ್ 17ರಂದು ನಿಜಾಮನ ಆಳ್ವಿಕೆ ಮುಗಿಯಿತು. ಅವನ ಖಾತೆಗೆ ಬರೆಯಬೇಕಾದ್ದನ್ನು ಬರೆಯೋಣ. ಆದರೆ ಅವನ ಮೇಲೆ ಬರೆದ ಮಾತ್ರಕ್ಕೆ ಇವತ್ತಿನ ರನ್ ನಿಲ್ಲುವುದಿಲ್ಲ.

ಈ ನೆಲದಲ್ಲಿ ಇದರ ಬಗ್ಗೆ ಹಳೆಯದೊಂದು ತಿಳಿವಳಿಕೆಯಿದೆ. ರಾಯಚೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಆಯ್ದಕ್ಕಿ ಮಾರಯ್ಯನ ಕಾಯಕ ಯಾವುದು? ಬೇರೆಯವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವುದು. ಚೆಲ್ಲಿದವನು ಅವನಲ್ಲ. ಚೆಲ್ಲಿದವರು ಯಾರು ಎಂದು ಅವನು ಕೇಳುತ್ತ ಕೂರಲಿಲ್ಲ. ಒಂದು ದಿನ ಅವನು ಎಂದಿಗಿಂತ ಹೆಚ್ಚು ತಂದಾಗ, ಅದನ್ನು ಅಲ್ಲೇ ಚೆಲ್ಲಿ ಬರುವಂತೆ ಹೆಂಡತಿ ಲಕ್ಕಮ್ಮ ಮರಳಿ ಕಳಿಸಿದಳೆಂದು ಕತೆ ಹೇಳುತ್ತದೆ. ಆ ಕತೆಯನ್ನು ನಾವು ದುರಾಸೆಯ ವಿರುದ್ಧದ ಪಾಠವಾಗಿ ಓದುತ್ತೇವೆ, ಅದು ಸರಿಯೇ. ಅದರಲ್ಲಿ ಇನ್ನೊಂದು ಪಾಠವೂ ಇದೆಯೆಂದು ನನಗನ್ನಿಸುತ್ತದೆ. ಬೇರೆಯವರು ಚೆಲ್ಲಿದ್ದನ್ನು ಆಯುವ ಕೆಲಸಕ್ಕೂ ಒಂದು ಅಳತೆಯಿದೆ. ಇಂದಿನ ಪಾಲು ಆಯ್ದರೆ ಸಾಕು. ನಡುವೆ ಬಂದವನು ಇಡೀ ಚರಿತ್ರೆಯನ್ನು ಹೊತ್ತುಕೊಳ್ಳಬೇಕಿಲ್ಲ, ತನ್ನ ಕಣ್ಣೆದುರು ಬೇಸ್ ಮೇಲೆ ನಿಂತವರನ್ನು ತಡೆದರಾಯಿತು.

ಕಮಲಾಪುರದ ಬಾಳೆತೋಟಕ್ಕೆ ಹೋದರೆ ಇದು ಇನ್ನೂ ಸುಲಭವಾಗಿ ಕಾಣುತ್ತದೆ. ಬಾಳೆ ಒಮ್ಮೆ ಗೊನೆ ಬಿಟ್ಟರೆ ಆ ಗಿಡದ ಕತೆ ಮುಗಿಯಿತು, ಕಡಿಯುತ್ತಾರೆ. ಅದರ ಬುಡದಿಂದ ಎದ್ದ ಮರಿಯೇ ಮುಂದಿನ ಬೆಳೆ, ಕೂಳೆ ಬೆಳೆ. ಮರಿಗೆ ಸಿಕ್ಕುವುದು ತಾಯಿಗಿಡ ಬಿಟ್ಟುಹೋದ ಮಣ್ಣು, ನೀರು, ರೋಗ ಎಲ್ಲವೂ. ರೈತ ಆ ಮರಿಯನ್ನು ಹೊಸ ನೆಲದಲ್ಲಿ ನೆಟ್ಟ ಸಸಿಯೊಂದಿಗೆ ಹೋಲಿಸಿ ಬೈಯುವುದಿಲ್ಲ. ಹಾಗೆಯೇ ನೀರು ಹಾಯಿಸುವುದನ್ನೂ ಬಿಡುವುದಿಲ್ಲ. ನ್ಯಾಯವಾದ ಲೆಕ್ಕವೂ ಇವತ್ತಿನ ಕೆಲಸವೂ ಅವನ ಒಂದೇ ನಡವಳಿಕೆಯಲ್ಲಿ ಸೇರಿರುತ್ತವೆ.

ಬೌಲರ್‌ನ ಬಗ್ಗೆ ಮಾತಾಡುವಾಗಲೂ ಮಾಸ್ತರರ ಬಗ್ಗೆ ಮಾತಾಡುವಾಗಲೂ ನಾವು ಕೇಳಬೇಕಾದ ಪ್ರಶ್ನೆಗಳು ಎರಡು. ಅವನ ಕೈಗೆ ಚೆಂಡು ಬಂದಾಗ ಬೇಸ್‌ಗಳಲ್ಲಿ ಯಾರು ಯಾರು ನಿಂತಿದ್ದರು? ಬಂದ ಮೇಲೆ ಅವನು ಏನು ಮಾಡಿದ? ಮೊದಲನೆಯದನ್ನು ಕೇಳಬೇಕಾದವರು ನಾವು, ಹೊರಗೆ ಕೂತು ಲೆಕ್ಕ ಬರೆಯುವವರು. ಎರಡನೆಯದನ್ನು ಕೇಳಿಕೊಳ್ಳಬೇಕಾದವನು ಅವನು. ನಮ್ಮಲ್ಲಿ ಬಹಳ ಸಲ ಇದು ಅದಲುಬದಲಾಗಿದೆ. ಲೆಕ್ಕ ಬರೆಯುವವರು ಏನು ಮಾಡಿದೆ ಎಂದಷ್ಟೇ ಕೇಳುತ್ತಾರೆ, ಚೆಂಡು ಹಿಡಿದವನು ಯಾರು ಬಿಟ್ಟುಹೋದರು ಎಂಬುದರಲ್ಲೇ ಉಳಿದುಬಿಡುತ್ತಾನೆ. ವಿನಯ್ ಕುಮಾರ್ ಅವರ 102ರ ಪಕ್ಕದಲ್ಲಿ ಆ ದಿನದ 709ನ್ನೂ ಬರೆದು ನೋಡುವುದು ನಮ್ಮ ಕೆಲಸ. ಆ ದಿನದ ನಂತರವೂ ಚೆಂಡು ಹಿಡಿದು ಓಡಿಬಂದದ್ದು ಅವರ ಕೆಲಸ. ಅವರು ತಮ್ಮದನ್ನು ಮಾಡಿದ್ದಾರೆ.